ವಯಸ್ಸು ಹೇಳಿ, ಆಮೇಲೆ ನಮಸ್ಕಾರ

ವಿಯೆಟ್ನಾಂನಲ್ಲಿ ಒಬ್ಬರಿಗೆ ಸರಿಯಾಗಿ ನಮಸ್ಕಾರ ಹೇಳಬೇಕಾದರೆ ಮೊದಲು ಅವರ ವಯಸ್ಸು ಗೊತ್ತಿರಬೇಕು. ನಿಮ್ಮ ವಯಸ್ಸೂ ಅವರಿಗೆ ಗೊತ್ತಿರಬೇಕು. ನಮ್ಮ 'ನೀವು' ಥರ ಕಂಡವರಿಗೆಲ್ಲ ಕಣ್ಣು ಮುಚ್ಚಿಕೊಂಡು ಹೇಳುವ ಪದ ಅಲ್ಲಿ ನಡೆಯುವುದಿಲ್ಲ. ಎದುರಿಗಿರುವವರು ಅಣ್ಣನೋ, ತಮ್ಮನೋ, ಚಿಕ್ಕಪ್ಪನೋ, ದೊಡ್ಡಪ್ಪನೋ, ತಾತನೋ ಮೊದಲು ಇತ್ಯರ್ಥ ಆಗಬೇಕು. ಆಮೇಲೆ 'ಚಾವ್' ಅಂದು, ಅದರ ಪಕ್ಕಕ್ಕೆ ಆ ಸಂಬಂಧ ಸೇರಿಸಬೇಕು. ಅಣ್ಣನ ವಯಸ್ಸಿನವರಾದರೆ 'ಚಾವ್ ಆಞ್'. ಅಕ್ಕನಾದರೆ 'ಚಾವ್ ಚಿ'. ಚಿಕ್ಕವರಾದರೆ 'ಚಾವ್ ಎಮ್'. ಇಷ್ಟಕ್ಕೇ ಮುಗಿಯುವುದಿಲ್ಲ. ಅವರು ಅಣ್ಣನಾದರೆ ನಾವು 'ನಾನು' ಅನ್ನುವ ಹಾಗಿಲ್ಲ, 'ತಮ್ಮ' ಅಂತಲೋ 'ತಂಗಿ' ಅಂತಲೋ ನಮ್ಮನ್ನು ನಾವೇ ಕರೆದುಕೊಳ್ಳಬೇಕು.

ನಾವು ಹೊರಡುವ ಮೊದಲು ಕಲಿತಿದ್ದು 'ಸಿನ್ ಚಾವ್' ಒಂದೇ. ವಿಮಾನದಲ್ಲಿ, ಹೋಟೆಲಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ತಪ್ಪೇನಲ್ಲ. ಆದರೆ ಅದು ಸ್ವಲ್ಪ ಮೈಕ್ ಹಿಡಿದು ಹೇಳುವ ನಮಸ್ಕಾರ. ಮನೆಯೊಳಗೆ ಕಾಲಿಟ್ಟು ಹಾಗಂದರೆ ಭಾಷಣ ಶುರುವಾಯಿತೇನೋ ಅಂತ ಜನ ನೆಟ್ಟಗೆ ಕೂರುತ್ತಾರೆ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ನಮ್ಮಲ್ಲಿ ವಿಯೆಟ್ನಾಂ ಅನ್ನೋದು ದೇಶದ ಹೆಸರಿಗಿಂತ ಜಾಸ್ತಿ ಬೈಗುಳ. ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ, ಅದರಲ್ಲೂ ಹೆಚ್ಚಿನದು ರೋಬಸ್ಟಾ. ಕಾಳುಮೆಣಸಿನಲ್ಲಂತೂ ಜಗತ್ತಿಗೇ ಮೊದಲು. ಮೆಣಸಿನ ರೇಟು ಬಿದ್ದ ದಿನ ನಮ್ಮ ಮನೆಯವರು ಪೇಪರ್ ಮಡಚಿ 'ವಿಯೆಟ್ನಾಂ' ಅಂತ ಹಲ್ಲು ಕಡಿಯುತ್ತಾರೆ. ಅಂಥವರೇ ನಾಲ್ಕು ಜನ ಬೆಳೆಗಾರರ ಜೊತೆ ಸೇರಿ, ಅವರ ತೋಟ ಹೇಗಿದೆ ನೋಡೇಬಿಡೋಣ ಅಂತ ಬುವನ್ ಮಾ ತುವತ್ ಎಂಬ ಊರಿಗೆ ಹೊರಟರು. ಅದು ಅಲ್ಲಿನ ಕಾಫಿ ಸೀಮೆಯ ರಾಜಧಾನಿ. ನಾನೂ ಹೊರಟೆ. ಇಂಥ ಅವಕಾಶ ಯಾರು ಬಿಡುತ್ತಾರೆ?

ನಾವು ಹೋದ ಮನೆಯವರು ಎಷ್ಟೋ ವರ್ಷದ ಹಿಂದೆ ಉತ್ತರದಿಂದ ವಲಸೆ ಬಂದವರು. ಮನೆಯ ಮಗನಿಗೆ ಇಂಗ್ಲಿಷ್ ಬರುತ್ತಿತ್ತು. ಚಾಪೆಯ ಮೇಲೆ ಕೂತು ಚಹಾ ಬಗ್ಗಿಸುವುದರೊಳಗೆ ಅವನ ಅಪ್ಪ ನಗುನಗುತ್ತಾ ಏನೋ ಕೇಳಿದರು. ಹುಡುಗ ಅನುವಾದ ಮಾಡಿದ: "ನೀವು ಹುಟ್ಟಿದ್ದು ಯಾವ ವರ್ಷ?"

ನಮ್ಮೂರಲ್ಲಿ ಹೆಂಗಸಿಗೆ ಮೊದಲನೇ ಭೇಟಿಯಲ್ಲಿ ಹೀಗೆ ಕೇಳಿದ್ದರೆ ಚಹಾ ಅಲ್ಲೇ ತಣ್ಣಗಾಗುತ್ತಿತ್ತು. ಅಲ್ಲಿ ಅದು ಮರ್ಯಾದೆಯ ಪ್ರಶ್ನೆ. ಉತ್ತರ ಸಿಗುವವರೆಗೆ ಅವರಿಗೆ ನಮ್ಮನ್ನು ಏನೆಂದು ಕರೆಯಬೇಕೋ ಗೊತ್ತಾಗುವುದಿಲ್ಲ. ಇವರು 1963 ಅಂದರು. ಅಪ್ಪನದು 1968. ಕೂಡಲೇ ನಮ್ಮ ಮನೆಯವರು ಅಣ್ಣ ಆದರು, ಆ ಮನುಷ್ಯ ತನ್ನನ್ನೇ 'ಎಮ್' ಅಂದುಕೊಂಡು ತಮ್ಮನಾದರು. ನಾನು 1973. ಅವರಿಗಿಂತ ಐದು ವರ್ಷ ಚಿಕ್ಕವಳು, ತಂಗಿ ಆಗಬೇಕಿತ್ತು ಅಲ್ವಾ? ಇಲ್ಲ. ಅಣ್ಣನ ಹೆಂಡತಿ ಎಷ್ಟು ಚಿಕ್ಕವಳಾದರೂ ಅಕ್ಕನೇ. ನರೆತ ತಲೆಯ ಆ ಮನುಷ್ಯ ನನಗೆ ಭಕ್ತಿಯಿಂದ 'ಚಾವ್ ಚಿ' ಅಂದರು.

ಇನ್ನು ಆ ಹುಡುಗ. ಅಪ್ಪನಿಗಿಂತ ದೊಡ್ಡವರು ಅವನಿಗೆ 'ಬಾಕ್', ಅಂದರೆ ನಮ್ಮ ದೊಡ್ಡಪ್ಪ. ಅಲ್ಲಿಯ ಜನ ತಮ್ಮ ರಾಷ್ಟ್ರನಾಯಕ ಹೋ ಚಿ ಮಿನ್ ಅವರನ್ನು 'ಬಾಕ್ ಹೋ' ಅನ್ನುವುದೂ ಇದೇ ಲೆಕ್ಕದಲ್ಲಿ. ಹಾಗಾಗಿ ಇವರಿಗೆ ಆ ಪಟ್ಟ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಹುಡುಗನ ಅಮ್ಮನಿಗಿಂತ ನಾನು ಚಿಕ್ಕವಳು. ಒಬ್ಬಳೇ ಹೋಗಿದ್ದರೆ 'ಕೋ', ಅಂದರೆ ಅತ್ತೆ ಆಗುತ್ತಿದ್ದೆ. ಬಾಕ್ ಜೊತೆ ಬಂದ ತಪ್ಪಿಗೆ ನಾನೂ ಬಾಕ್! ಹೋಟೆಲಿನ ಅಂಗಡಿಯಲ್ಲಿ ಬೆಳಿಗ್ಗೆ ತಾನೇ ಒಬ್ಬಳು ಹುಡುಗಿ ನನ್ನನ್ನು 'ಚಿ' ಅಂದಿದ್ದಳು. ಆ ಖುಷಿಗೆ ಬೇಡದ ಎರಡು ಸ್ಕಾರ್ಫ್ ಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮ.

ವರ್ಷ ಹೇಳಿದ ಮೇಲೆ ಪ್ರಾಣಿಯೂ ಬಂತು. ಅವರ ಪಂಚಾಂಗದಲ್ಲಿ ಹನ್ನೆರಡು ವರ್ಷಕ್ಕೆ ಹನ್ನೆರಡು ಪ್ರಾಣಿ. ಚೀನಾದವರಲ್ಲಿ ಮೊಲ ಇರುವ ಜಾಗದಲ್ಲಿ ಇವರಿಗೆ ಬೆಕ್ಕು, ಎತ್ತಿನ ಜಾಗದಲ್ಲಿ ಎಮ್ಮೆ. 1963 ಬೆಕ್ಕು. 1973 ಯಾವುದು ಅಂತ ನಾನು ಹೇಳಬೇಕಾಗಿಲ್ಲ. ಎಮ್ಮೆ ವರ್ಷದವರು ಬಹಳ ಶ್ರಮಜೀವಿಗಳು ಅಂತ ಹುಡುಗ ಸಮಾಧಾನ ಹೇಳಿದ. ಬೆಕ್ಕು ಮಾತ್ರ ಊಟದವರೆಗೂ ನಗುತ್ತಲೇ ಇತ್ತು.

ಆ ನಗು ನಿಂತಿದ್ದು ಪುಟ್ಟ ಹುಡುಗಿಯೊಬ್ಬಳು ಬಂದಾಗ. ಆ ಮನೆಯ ಯಜಮಾನರ ತಮ್ಮನ ಮಗಳು. ಅಮ್ಮ ಹಿಂದಿನಿಂದ ತಿವಿದು ಏನೋ ಹೇಳಿಕೊಟ್ಟಳು. ನಮ್ಮಲ್ಲಿ "ಅಂಕಲ್‌ಗೆ ಹಾಯ್ ಹೇಳು ಪುಟ್ಟಾ" ಅಂತ ಮಕ್ಕಳ ಪ್ರಾಣ ತಿನ್ನುತ್ತಾರಲ್ಲ, ಅದೇ. ಹುಡುಗಿ ಎದೆಯ ಮೇಲೆ ಎರಡೂ ಕೈ ಕಟ್ಟಿ, ತಲೆ ಬಗ್ಗಿಸಿ, ಒಂದೇ ಉಸಿರಿಗೆ ಹೇಳಿದಳು: "ಚೌ ಚಾವ್ ಬಾಕ್ ಆ."

ಇವರ ಮುಖ ಅರಳಿತು. "ಚೌಚೌ ಬಾತಾ? ಇಲ್ಲೂ ಮಾಡ್ತಾರಾ? ಒಂದು ಪ್ಲೇಟ್ ಇರಲಿ!"

ಪಾಪ, ಹುಡುಗಿ ಹೇಳಿದ್ದು ಇಷ್ಟೇ: 'ಚೌ' ಅಂದರೆ ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು; ಇಲ್ಲಿ ತಾನು. 'ಚಾವ್' ನಮಸ್ಕಾರ. 'ಬಾಕ್' ದೊಡ್ಡಪ್ಪ. ಕೊನೆಯ 'ಆ' ಪ್ರಶ್ನೆಯಲ್ಲ, ನಮ್ಮ 'ರೀ' ಮಾಡುವ ಕೆಲಸ ಅದರದು. ಗಂಟಲಲ್ಲೇ ತಟಕ್ಕನೆ ನಿಲ್ಲಿಸಬೇಕು. ಅದಿಲ್ಲದೆ ಹಿರಿಯರ ಹತ್ತಿರ ಮಾತಾಡಿದರೆ ಮಕ್ಕಳಿಗೆ ಬೈಗುಳ ಗ್ಯಾರಂಟಿ. ಕೇಸರಿಬಾತು, ಖಾರಾಬಾತು ಯಾವುದೂ ಬರಲಿಲ್ಲ. ಆದರೆ ಇವರಿಗೆ ಆ ವಾಕ್ಯ ಜನ್ಮದಲ್ಲಿ ಮರೆಯುವುದಿಲ್ಲ. ವಿಯೆಟ್ನಾಮೀಸ್ ಕಲಿಯಬೇಕೆನ್ನುವ ಬೆಂಗಳೂರಿನವರು ಯಾವುದಾದರೂ ದರ್ಶಿನಿಯಿಂದಲೇ ಶುರುಮಾಡಬಹುದು.

ತಿಂಡಿಯ ಮಟ್ಟಿಗೆ ಇವರಿಗೆ ಆ ದೇಶದಲ್ಲಿ ಯೋಗ ಚೆನ್ನಾಗಿತ್ತು. ಉತ್ತರದವರ ಮಾತಿನಲ್ಲಿ ದನಿಯ ಏರಿಳಿತ ಆರು ಬಗೆ, ಅದು ಬದಲಾದರೆ ಪದದ ಅರ್ಥವೇ ಬದಲು. 'ಚಾವ್' ಅನ್ನುವಾಗ ದನಿ ಮೆಲ್ಲಗೆ ಕೆಳಗಿಳಿಯಬೇಕು. ಮೇಲಕ್ಕೆ ಎತ್ತಿದರೆ ಅದು ಅಕ್ಕಿ ಗಂಜಿ. ಹಾಸನ ಜಿಲ್ಲೆಯವರು ಖುಷಿಯಲ್ಲಿ ಮಾತಾಡಿಸುವಾಗ ದನಿ ಕೆಳಗಿಳಿಯುವುದು ಎಲ್ಲಿಂದ ಬಂತು? ಬೆಳಿಗ್ಗೆ ಹೋಟೆಲಿನ ತಿಂಡಿ ಮನೆಯಲ್ಲಿ ಇವರು ಗಟ್ಟಿಯಾಗಿ "ಸಿನ್ ಚಾವ್!" ಅನ್ನುವುದು, ಬಡಿಸುವಾಕೆ ನಗುತ್ತಾ ಒಂದು ಬಟ್ಟಲು ಗಂಜಿ ತಂದಿಡುವುದು. "ಎಷ್ಟು ಉಪಚಾರ ನೋಡು, ಕೇಳದೇ ಕೊಡ್ತಾರೆ" ಅಂತ ಇವರು.

ಹೆಸರಿನ ವಿಷಯಕ್ಕೆ ಬಂದರೆ, ಅಲ್ಲಿ ಹತ್ತರಲ್ಲಿ ಮೂರ್ನಾಲ್ಕು ಜನರ ಮನೆತನದ ಹೆಸರು ಒಂದೇ: ಙುಯೆನ್. ಅದು ಮೊದಲು ಬರುತ್ತದೆ, ಸ್ವಂತ ಹೆಸರು ಕೊನೆಗೆ. ಕರೆಯಬೇಕಾದ್ದು ಆ ಕೊನೆಯದನ್ನು. ನಮ್ಮ ತಂಡದ ಹಿರಿಯರೊಬ್ಬರು ಬೆಳೆಗಾರರ ಸಭೆಯಲ್ಲಿ "ಮಿಸ್ಟರ್ ಙುಯೆನ್" ಅಂದರು. ಸಕಲೇಶಪುರದ ಸಂತೆಯಲ್ಲಿ 'ಗೌಡ್ರೇ' ಅಂತ ಕೂಗಿದ ಹಾಗಾಯಿತು, ಅರ್ಧ ಸಭೆ ತಿರುಗಿತು. ಒಂದು ಲಾಭ ಮಾತ್ರ ಒಪ್ಪಬೇಕು. ಒಂದನೇ ಕ್ಲಾಸಿನಲ್ಲಿ ತಿದ್ದಿದ ಮೇಲೆ ಕೆಲಸವಿಲ್ಲದೆ ಕೂತಿದ್ದ ಙ ಅಕ್ಷರಕ್ಕೆ ಇಲ್ಲಿ ಕೈತುಂಬ ಕೆಲಸ. 'ಆಞ್' ದಯೆಯಿಂದ ಞ ಗೂ ಒಂದು ನೌಕರಿ ಆಯಿತು.

ನಿಜವಾದ ಪೇಚು ತೋಟಕ್ಕೆ ಹೊರಟಾಗ. ಅಕ್ಕಪಕ್ಕದವರು ಪರಸ್ಪರ 'ಚಾವ್' ಅನ್ನುವುದೇ ಕಡಿಮೆ. ದಾರಿಯಲ್ಲಿ ಕಂಡರೆ "ಡಿ ಡೌ ಡೇ?" ಅನ್ನುತ್ತಾರೆ. ಎಲ್ಲಿಗೆ ಹೊರಟಿರಿ ಅಂತ. ಅದಕ್ಕೆ ಸರಿಯಾದ ಉತ್ತರ ಬೇಕಾಗಿಲ್ಲ, ಅದೇ ನಮಸ್ಕಾರ. ಹುಡುಗ ಅದರ ಅರ್ಥ ಹೇಳಿದ್ದೇ ತಡ, ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ನಮ್ಮಲ್ಲಿ ಕೆಲಸ ಕೆಟ್ಟ ಹಾಗೆ. "ದೂರ ಹೊರಟ್ರಾ?" ಅಂತ ಸುತ್ತಿ ಬಳಸಿ ಕೇಳಬೇಕು. ಕೇಳೇಬಿಟ್ಟರೆ ಕೂತು, ನೀರು ಕುಡಿದು ಏಳಬೇಕು. ನೀರು ತಂದರು. ಕುಡಿದು ಎದ್ದರು. ಬೇಲಿಯಾಚೆಯಿಂದ ಇನ್ನೊಬ್ಬರು ಇಣುಕಿದರು. "ಡಿ ಡೌ ಡೇ?" ಮತ್ತೆ ಮೆಟ್ಟಿಲು, ಮತ್ತೆ ನೀರು. ನಮ್ಮ ತಂಡದವರು ವ್ಯಾನಿನೊಳಗೆ ಬೆವರುತ್ತಾ ಕೂತಿದ್ದರು.

ಕೊನೆಗೆ ಎದುರು ಮನೆಯ ಅಜ್ಜಿ ಬೇರೆ ಕೇಳಿದರು: "ಅನ್ ಕಮ್ ಚುಅ?" ಊಟ ಆಯ್ತಾ ಅಂತ. ಅನ್ನದ ವಾಸನೆ ಬಂದ ಕೂಡಲೇ ಇವರಿಗೆ ಅರ್ಥ ಆಯಿತು. ಅನುವಾದಕ್ಕೂ ಕಾಯಲಿಲ್ಲ. ಅಜ್ಜಿಯ ಕೊನೆಯ ಪದವನ್ನೇ ತಲೆ ಅಲ್ಲಾಡಿಸುತ್ತಾ ವಾಪಸ್ ಹೇಳಿದರು: "ಚುಅ, ಚುಅ." ಹಾಗಂದರೆ 'ಇನ್ನೂ ಇಲ್ಲ'.

ಅಜ್ಜಿ ನಮ್ಮೆಲ್ಲರನ್ನೂ ವ್ಯಾನಿನಿಂದ ಇಳಿಸಿ ಒಳಗೆ ಕೂರಿಸಿದರು. ಅನ್ನ, ಸೊಪ್ಪಿನ ಸಾರು, ಹುರಿದ ತೋಫು, ಮೇಲೆ ಬಾಳೆಹಣ್ಣು. ತೋಟ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಮೊಬೈಲ್ ಟಾರ್ಚ್ ಹಾಕಿಕೊಂಡು ಇವರು ಒಂದು ರೋಬಸ್ಟಾ ಗಿಡದ ಸುತ್ತ ಬಂದರು, ಎಲೆ ತಿರುಗಿಸಿ ನೋಡಿದರು, "ನಮ್ಮದೇ ವಾಸಿ" ಅಂದರು.