ನನ್ನ ಮಗಳ ತೊಗರಿಗೆ ‘ಕಲ್ಪನೆ ಜಾಸ್ತಿ’ ಅಂದವರಿಗೆ

ಮೂರು ದಿನ ಆಯ್ತು, ಸಿಟ್ಟು ಇಳೀತಿಲ್ಲ.

ಇಲ್ಲೇ ಕಲಬುರಗಿಯಲ್ಲಿ ಮಕ್ಕಳ ವಿಜ್ಞಾನ ವಸ್ತು ಪ್ರದರ್ಶನ ಇತ್ತು. ಎಂಟನೇ ಕ್ಲಾಸಿನ ನನ್ನ ಮಗಳು, ಅವಳ ಇಬ್ಬರು ಗೆಳತಿಯರು ಸೇರಿ ಒಂದು ಬಾಹ್ಯಾಕಾಶ ನಿಲ್ದಾಣ ಮಾಡಿದ್ದರು. ಮುಂದೊಂದು ದಿನ ಗುರುಗ್ರಹದ ಹತ್ತಿರ ಜನ ಹೋಗಿ ನೆಲೆಸಿದರೆ, ಅವರಿಗೆ ನೀರು, ಕಾಳು, ಔಷಧ ಕೊಡೋ ನಿಲ್ದಾಣ ಅದು. ಹಳೇ ಸೈಕಲ್ ರಿಮ್ಮಿನ ಒಳಗಡೆ ಸುತ್ತಲೂ ಚಹಾ ಕಪ್ಪು ಕಟ್ಟಿ, ಮಣ್ಣು ಹಾಕಿ, ತೊಗರಿ ಬಿತ್ತಿದ್ದರು. ಬೆರಳುದ್ದ ಮೊಳಕೆ ಬಂದಿತ್ತು. ರಿಮ್ಮು ಗಿರ್ರಂತ ತಿರುಗಿದರೆ ಮೇಲಿನ ಕಪ್ಪು ತಲೆಕೆಳಗಾದರೂ ಒಂದು ಚಿಟಿಕೆ ಮಣ್ಣು ಬೀಳುತ್ತಿರಲಿಲ್ಲ. ಭಾರವೇ ಇಲ್ಲದ ಕಡೆ ತಿರುಗಿಸಿ ಭಾರ ತರೋದು ಹೀಗೆ ಅಂತ ತೋರಿಸೋಕೆ ಎಷ್ಟು ಸಲ ಕಪ್ಪು ಹಾರಿ ನಮ್ಮ ಪಡಸಾಲೆ ತುಂಬ ಮಣ್ಣಾಗಿತ್ತೋ!

ತೀರ್ಪುಗಾರರು ಬಂದರು. ರಿಮ್ಮು ತಿರುಗಿಸೋಕೂ ಬಿಡಲಿಲ್ಲ.

“ಏನವ್ವಾ, ಆಕಾಶದಾಗ ತೊಗರಿ ಬೆಳೀತದೇನು? ಕಥಿ ಬ್ಯಾರೆ, ವಿಜ್ಞಾನ ಬ್ಯಾರೆ.”

ಸ್ವಾಮಿ, 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಆ ಪ್ರಯೋಗ ನಮ್ಮ ಧಾರವಾಡದವರದ್ದೇ, ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದ್ದು. ಹೆಸರು ಮೊಳೆತ ಕಡೆ ತೊಗರಿ ಮೊಳೆತೀತಾ ಅಂತ ತೊಗರಿ ನಾಡಿನ ಮಕ್ಕಳು ಕೇಳಬಾರದಾ?

ಮೂತ್ರವನ್ನೂ ಶುದ್ಧ ಮಾಡಿ ಕುಡಿಯೋ ನೀರು ಮಾಡ್ತಾರೆ ಅಂದಾಗ ಮೂಗು ಮುಚ್ಚಿಕೊಂಡರು. ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ನಿಜವಾಗಿ ನಡೀತಿರೋದು ಅದೇ ಅಲ್ವಾ? ಬೆವರು, ಉಸಿರಿನ ತೇವ, ಮೂತ್ರ ಎಲ್ಲಾ ಸೇರಿಸಿ ನೂರಕ್ಕೆ 98ರಷ್ಟು ಪಾಲು ನೀರು ವಾಪಸ್ ಪಡೀತೀವಿ ಅಂತ ನಾಸಾ 2023ರಲ್ಲೇ ಹೇಳಿದೆ. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾಯೋ ಮಕ್ಕಳಿಗೆ ಇದು ತಟ್ಟನೆ ಅರ್ಥ ಆಗಿತ್ತು.

ಗುರುವಿನ ಹತ್ತಿರ ಬಿಸಿಲು ನಮಗೆ ಸಿಗೋದರ ಸುಮಾರು 25ರಲ್ಲಿ ಒಂದು ಪಾಲು, ಅದಕ್ಕೇ ಸಸಿಗೆ ಬಲ್ಬು ಹಾಕಿದ್ದೀವಿ ಅಂತ ಹೇಳೋಕೆ ಒಬ್ಬಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅಲ್ಲಿಂದ ಭೂಮಿಗೆ ಒಂದು ಮಾತು ಕೇಳಿದರೆ ಉತ್ತರ ಬರೋಕೆ ಒಂದು ಗಂಟೆಗೂ ಜಾಸ್ತಿ ಬೇಕು, ಹಾಗಾಗಿ ಡಾಕ್ಟರು ಅಲ್ಲೇ ಇರಬೇಕು ಅನ್ನೋದೂ ಇತ್ತು. ಯಾರೂ ಕೇಳಲಿಲ್ಲ. ಹಾಳೆ ಮೇಲೆ ‘ಕಲ್ಪನೆ ಜಾಸ್ತಿ’ ಅಂತ ಬರೆದು ಮುಂದೆ ಹೋದರು.

ಮೊದಲ ಬಹುಮಾನ ಜ್ವಾಲಾಮುಖಿಗೆ. ಅಂಗಡಿಯಿಂದ ತಂದ ರೆಡಿಮೇಡ್ ಥರ್ಮಾಕೋಲು. ಅಂಥದ್ದೇ ಇನ್ನೆರಡು ನಮ್ಮ ಮನೆ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ನೇತಾಡ್ತಿವೆ. ಆ ಮಗುವಿನ ಮೇಲೆ ನನಗೆ ಕೋಪ ಇಲ್ಲ. ನೋಡೋಕೆ ಕೂತ ದೊಡ್ಡವರಿಗೆ ಅಷ್ಟೂ ಗೊತ್ತಾಗಲಿಲ್ವಾ?

ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡ್ತಾನೇ ಕೇಳಿದಳು: “ಅಪ್ಪಾ, ಮುಂದಿನ ವರ್ಷ ನಾವೂ ಅಂಗಡ್ಯಾಗಿಂದೇ ತರೋಣೇನು?”

ಈ ಮಾತು ಅವಳ ಬಾಯಿಂದ ಬರಿಸಿದ್ರಲ್ಲ, ಅದಕ್ಕೇ ನನ್ನ ಹೊಟ್ಟೆ ಉರೀತಿದೆ.