ಫೀಲ್ಡ್‌ಗೆ ನೀವು, ಪೇಪರ್‌ಗೆ ಅವರು

ಎಂಪಿಎಚ್ (ಪಬ್ಲಿಕ್ ಹೆಲ್ತ್‌ನಲ್ಲಿ ಮಾಸ್ಟರ್ಸ್) ಮುಗಿಸಿ, ಇಲ್ಲಾ ನರ್ಸಿಂಗೋ ಬಿಡಿಎಸ್ಸೋ ಎಂಎಸ್‌ಡಬ್ಲ್ಯೂನೋ ಮಾಡ್ಕೊಂಡು ಹೆಲ್ತ್ ರಿಸರ್ಚ್‌ಗೆ ಬರೋ ಹುಡುಗ್ರು ಹುಡುಗೀರೆಲ್ಲ ಕೇಳೋದು ಒಂದೇ, ಪಿಎಚ್‌ಡಿ ಮಾಡ್ಲಾ ಪ್ರಾಜೆಕ್ಟ್ ಕೆಲ್ಸಕ್ಕೆ ಸೇರ್ಲಾ ಅಂತ. ಯಾವ್ದಾದ್ರೂ ಮಾಡಿ ಮಾರಾಯ್ರೆ. ಆದ್ರೆ ಇಂಟರ್‌ವ್ಯೂ ಕೊನೇಲಿ "ನಿಮ್ದೇನಾದ್ರೂ ಪ್ರಶ್ನೆ ಇದ್ಯಾ" ಅಂತಾರಲ್ಲ, ಆಗ ಸಂಬಳದ ಜೊತೆ ಇನ್ನೊಂದು ಕೇಳಿ: ಈ ಡೇಟಾದಿಂದ ಬರೋ ರಿಸರ್ಚ್ ಪೇಪರ್‌ನಲ್ಲಿ ನನ್ನ ಹೆಸ್ರು ಇರ್ಬೇಕಾದ್ರೆ ನಾನೇನ್ ಮಾಡ್ಬೇಕು?

ಯಾಕಂದ್ರೆ ನಾನು ನೋಡಿರೋ ಎಷ್ಟೋ ಟೀಮ್‌ಗಳಲ್ಲಿ ಲೆಕ್ಕ ಇಷ್ಟೇ, ಕನ್ನಡ ಚೆನ್ನಾಗಿ ಬರೋರು ಫೀಲ್ಡ್‌ಗೆ, ಇಂಗ್ಲಿಷ್ ಚೆನ್ನಾಗಿ ಬರೋರು ಪೇಪರ್‌ಗೆ. ಹೆಚ್ಚಂದ್ರೆ ಕೊನೇಲಿ ಒಂದು ಥ್ಯಾಂಕ್ಸ್, ಅದ್ರಲ್ಲೂ ಹೆಸ್ರಿಲ್ಲ, "ಫೀಲ್ಡ್ ಟೀಮ್" ಅಷ್ಟೇ.

ಫೀಲ್ಡ್ ಅಂದ್ರೆ ಬರೀ ಫಾರ್ಮ್ ತುಂಬೋದು ಅಂದ್ಕೊಂಡಿರೋರು ಒಂದ್ಸಲ ಬಿಪಿ ಸರ್ವೆಗೆ ಬಂದು ನೋಡ್ಲಿ. ಆಶಾ ಅಕ್ಕನ ಹಿಂದೆ ಮನೆ ಮನೆ ಸುತ್ತಿ, ಅಜ್ಜೀನ ಕೂರ್ಸಿ, ಮೂರು ರೀಡಿಂಗ್ ತಗೋಬೇಕು, ಡಬ್ಲ್ಯೂಎಚ್‌ಒದ ಸ್ಟೆಪ್ಸ್ ಅನ್ನೋ ಸರ್ವೆ ವಿಧಾನದಲ್ಲಿ ಮೊದಲ್ನೇದು ಬಿಟ್ಟು ಉಳಿದೆರಡರ ಸರಾಸರಿ. ಬಿಪಿ ಇದ್ಯಾ ಅಜ್ಜಿ ಅಂದ್ರೆ "ಇಲ್ಲಪ್ಪ" ಅಂತಾರೆ. ಗೋಡೆ ಮೊಳೇಲಿ ನೇತಾಡೋ ಪ್ಲಾಸ್ಟಿಕ್ ಕವರಲ್ಲಿ ಬಿಪಿ ಮಾತ್ರೆ ಆಮ್ಲೋಡಿಪಿನ್ ಸ್ಟ್ರಿಪ್ ಇಣುಕ್ತಿರತ್ತೆ. ಇದೇನಜ್ಜಿ ಅಂದ್ರೆ "ಮಾತ್ರೆ ನುಂಗ್ತಿದೀನಲ್ಲ, ಇನ್ನೆಲ್ಲೈತೆ ಬಿಪಿ?" ಅಲ್ಲಿ ಟ್ಯಾಬ್‌ನಲ್ಲಿ "ಇಲ್ಲ" ಒತ್ತಿ ಮುಂದಿನ ಮನೆಗೆ ಹೋದ್ರೆ ಯಾರಿಗೂ ಗೊತ್ತಾಗಲ್ಲ. ನಿಂತು ಇನ್ನೊಂದು ಪ್ರಶ್ನೆ ಕೇಳಿ, ಸಂಜೆ ಆಫೀಸಿಗೆ ಫೋನ್ ಮಾಡಿ "ಸಾರ್, ಈ ಪ್ರಶ್ನೆ ಕೈ ಕೊಡ್ತಿದೆ, ಮಾತ್ರೆ ಬಗ್ಗೆ ಬೇರೆಯಾಗಿ ಕೇಳ್ಬೇಕು" ಅಂದೋರು ಮಾಡಿದ್ದು ರಿಸರ್ಚೇ ಕಣ್ರೀ, ಕೂಲಿ ಅಲ್ಲ.

ಮೆಡಿಕಲ್ ಜರ್ನಲ್‌ಗಳು ಹೆಚ್ಚಾಗಿ ಪಾಲಿಸೋ ಐಸಿಎಂಜೆಇ (ಮೆಡಿಕಲ್ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮ ಓದ್ಕೊಳ್ಳಿ. ಲೇಖಕ ಅನ್ನಿಸ್ಕೊಳ್ಳೋಕೆ ನಾಲ್ಕು ಷರತ್ತು, ನಾಲ್ಕೂ ಆಗ್ಬೇಕು, ಬರೀ ಡೇಟಾ ತಂದ್ರೆ ಸಾಲಲ್ಲ. ಇಷ್ಟನ್ನ ಎಲ್ಲಾ ಬಾಸ್‌ಗಳೂ ಬಾಯಿಪಾಠ ಒಪ್ಪಿಸ್ತಾರೆ. ಆದ್ರೆ ಮೊದಲ್ನೇ ಷರತ್ತಲ್ಲೇ ಡೇಟಾ ಸಂಗ್ರಹಕ್ಕೂ ಜಾಗ ಇದೆ, ಅದನ್ನ ಪೂರೈಸಿದೋರಿಗೆ ಡ್ರಾಫ್ಟ್ ಬರೆಯೋಕೆ, ತಿದ್ದೋಕೆ, ಒಪ್ಪಿಗೆ ಕೊಡೋಕೆ ಅವಕಾಶ ಕೊಡ್ಬೇಕು ಅಂತ್ಲೂ ಅಲ್ಲೇ ಬರ್ದಿದೆ. ಅದನ್ನ ಮಾತ್ರ ಯಾರೂ ಹೇಳಲ್ಲ. ಎಲ್ಲಾ ಫೀಲ್ಡ್ ಸ್ಟಾಫ್ ಹೆಸ್ರು ಹಾಕಕ್ಕಾಗಲ್ಲ ಅನ್ನೋದೂ ನಿಜಾನೇ. ಆದ್ರೆ ಒಂದು ಸಾಲೂ ಓದದೇ ಇರೋ ಹೆಡ್ ಆಫ್ ಡಿಪಾರ್ಟ್‌ಮೆಂಟ್ ಹೆಸ್ರು ಹಾಕೋಕೆ ಮಾತ್ರ ಯಾವಾಗ್ಲೂ ಜಾಗ ಇರತ್ತೆ ನೋಡಿ!

ದುಡ್ಡಿನ ವಿಷ್ಯ, 2023ರ ಜನವರಿಯಿಂದ ಜೆಆರ್‌ಎಫ್‌ಗೆ (ಜೂನಿಯರ್ ರಿಸರ್ಚ್ ಫೆಲೋ) ತಿಂಗ್ಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್‌ಗೆ (ಸೀನಿಯರ್) 42,000, ಮೇಲೆ ಎಚ್‌ಆರ್‌ಎ. ಬೆಂಗ್ಳೂರಿನ ಬಾಡಿಗೆಗೆ ಅದು ಎಲ್ಲಿಗೂ ಸಾಲಲ್ಲ, ಅದೂ ತಿಂಗ್ಳು ತಿಂಗ್ಳು ಬಂದ್ರೆ. ಫಂಡ್ ರಿಲೀಸ್ ಆಗಿಲ್ಲ ಅಂತ ತಿಂಗಳುಗಟ್ಲೆ ತಡ ಆಗೋದು ಮಾಮೂಲು, ಎಜುಕೇಶನ್ ಲೋನ್ ಇರೋರು ಸ್ವಲ್ಪ ಕೈಯಲ್ಲಿಟ್ಕೊಂಡೇ ಸೇರಿ. ಗ್ರಾಂಟ್ ಯಾವಾಗ ಮುಗಿಯತ್ತೆ ಅಂತ ಮೊದ್ಲೇ ಕೇಳಿ.

ಆರ್ ಅಥವಾ ಸ್ಟಾಟಾ, ಡೇಟಾ ಲೆಕ್ಕ ಹಾಕೋ ಸಾಫ್ಟ್‌ವೇರ್ ಯಾವ್ದಾದ್ರೂ ಒಂದು ಕಲೀರಿ, ಡೇಟಾ ಕ್ಲೀನಿಂಗ್ ನಾನೇ ಮಾಡ್ತೀನಿ ಅಂತ ಮೇಲೆ ಬಿದ್ದು ತಗೊಳ್ಳಿ. ಬೋರಿಂಗ್ ಕೆಲ್ಸ, ಯಾರೂ ಅಡ್ಡ ಬರಲ್ಲ, ಆದ್ರೆ ಫೀಲ್ಡಿಂದ ಪೇಪರ್‌ಗೆ ಇರೋ ದಾರಿ ಅದೇ. ಇಂಗ್ಲಿಷ್ ತಪ್ಪಾದ್ರೆ ಆಗ್ಲಿ, ಮೆಥಡ್ಸ್ ಭಾಗದ ಮೊದಲ ಡ್ರಾಫ್ಟ್ ನೀವೇ ಬರೀರಿ, ಮೇಲ್‌ನಲ್ಲೇ ಕಳ್ಸಿ, ವಾಟ್ಸಾಪ್‌ನಲ್ಲಲ್ಲ. ತಾರೀಖು ಸಮೇತ ದಾಖಲೆ ಇರತ್ತೆ.

ಅಂಥ ಮೇಲ್ ಹೇಗೆ ಬರೀಬೇಕು ಅಂತ ಮುಜುಗರ ಆಗ್ತಿದ್ರೆ ಇನ್‌ಬಾಕ್ಸ್‌ಗೆ ಹಾಕಿ, ಭಾನುವಾರ ಕೂತು ನೋಡ್ತೀನಿ.