ಸೋಮಾರಿಗಳ ಪಾಲಿನ ಚಕ್ರವರ್ತಿ

ಆಸ್ಟ್ರಿಯಾವನ್ನು ಆಳಿದ ಎರಡನೆಯ ಜೋಸೆಫ್ ಎಂಬ ಚಕ್ರವರ್ತಿಗೆ ಸುಮ್ಮನೆ ಕೂರುವುದೆಂದರೆ ಆಗುತ್ತಿರಲಿಲ್ಲವಂತೆ. ತಾಯಿ ಮರಿಯಾ ತೆರೇಸಾ ತೀರಿಕೊಂಡ ಮೇಲೆ ಒಬ್ಬನೇ ಆಳಿದ್ದು 1780ರಿಂದ 1790ರವರೆಗೆ. ಅಷ್ಟರಲ್ಲೇ ಸಾವಿರಾರು ಆಜ್ಞೆಗಳನ್ನು ಹೊರಡಿಸಿದ. ಇಂಥ ದುಡಿಮೆಗಾರನಿಗೆ ವಿಯೆನ್ನಾದ ಸೋಮಾರಿಗಳೆಲ್ಲ ಋಣಿಗಳು ಎಂಬುದೇ ತಮಾಷೆ. ಬೇಸಿಗೆಯಲ್ಲಿ ಆ ಊರಿನಲ್ಲಿ ನಡೆಯಲು ಹೊರಟರೆ ಸಿಗುವುದು ಅವನು ಬಾಗಿಲು ತೆರೆಸಿದ ತೋಟ. ನಡೆದು ಹಸಿದು ಕುಳಿತರೆ, ಅದು ಅವನು ಪರವಾನಗಿ ಕೊಟ್ಟ ಅಂಗಳ.

ಮಗಳ ಮನೆಗೆ ಬೇಸಿಗೆ ಕಳೆಯಲು ಹೋದ ನಿವೃತ್ತ ದಂಪತಿ ನಾವು. ಮಗಳು, ಅಳಿಯ ಬೆಳಗ್ಗೆ ಕೆಲಸಕ್ಕೆ ಹೊರಟರೆಂದರೆ ನಮಗೆ ಉಳಿಯುತ್ತಿದ್ದುದು ಎರಡೇ ಉದ್ಯೋಗ: ನಡೆಯುವುದು, ತಿನ್ನುವುದು. ಎರಡನ್ನೂ ಶ್ರದ್ಧೆಯಿಂದ ಮಾಡಿದೆವು.

ಮನೆಗೆ ಹತ್ತಿರವಿದ್ದುದು ಔಗಾರ್ಟನ್. ಅರಮನೆಯವರ ಈ ತೋಟವನ್ನು ಜೋಸೆಫ್ 1775ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟು, ಹೆಬ್ಬಾಗಿಲ ಮೇಲೆ ಒಂದು ಸಾಲು ಕೆತ್ತಿಸಿದ: ಇದು ಸಕಲ ಜನರಿಗೂ ಅರ್ಪಿಸಿದ ವಿನೋದದ ಸ್ಥಳ, ಅರ್ಪಿಸಿದವನು ಅವರನ್ನು ಗೌರವಿಸುವವನು. ಹೆಸರಿಲ್ಲ, ಬಿರುದಿಲ್ಲ. ನಮ್ಮ ಕಡೆ ಬಸ್ ತಂಗುದಾಣ ಕಟ್ಟಿಸಿದವರ ಹೆಸರೂ ಭಾವಚಿತ್ರವೂ ತಂಗುದಾಣಕ್ಕಿಂತ ದೊಡ್ಡದಾಗಿರುವುದನ್ನು ಕಂಡ ಕಣ್ಣಿಗೆ ಈ ಸಂಕೋಚ ಸ್ವಲ್ಪ ಅತಿಯೆನಿಸಿತು. ನೇರ ಸಾಲುಮರಗಳ ನಡುವೆ ಮಹಾಯುದ್ಧದ ಕಾಲದ ಎರಡು ಕಾಂಕ್ರೀಟ್ ಗೋಪುರಗಳು ಇನ್ನೂ ನಿಂತಿವೆ, ವಿಮಾನಗಳನ್ನು ಹೊಡೆದುರುಳಿಸಲು ಕಟ್ಟಿದವು. ಅವುಗಳ ನೆರಳಿನಲ್ಲಿ ಮಕ್ಕಳು ಚೆಂಡಾಡುತ್ತವೆ, ಮುದುಕರು ಬೆಂಚು ಹಿಡಿಯುತ್ತಾರೆ.

ಇನ್ನೂ ದೂರ ನಡೆಯುವ ಹುಮ್ಮಸ್ಸಿದ್ದ ದಿನ ಪ್ರಾಟರ್. ರಾಜಮನೆತನದ ಬೇಟೆಯ ಕಾಡಾಗಿದ್ದ ಇದನ್ನು ಜೋಸೆಫ್ 1766ರಲ್ಲಿಯೇ ಜನರಿಗೆ ತೆರೆದಿದ್ದ. ಕಾಡಿನ ನಡುವೆ ನಾಲ್ಕು ಕಿಲೋಮೀಟರಿಗೂ ಉದ್ದದ, ಚೆಸ್ಟ್‌ನಟ್ ಮರಗಳ ನೆರಳಿನ ನೇರ ರಸ್ತೆಯಿದೆ. 2019ರಲ್ಲಿ ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ಈ ರಸ್ತೆಯಲ್ಲೇ ಹೋಗಿ ಬಂದು ಮಾಡುತ್ತ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿ ಮುಗಿಸಿದ. ಅಷ್ಟೇ ಹೊತ್ತಿನಲ್ಲಿ ನಾವು ಅದೇ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಿದೆವು. ಆದರೆ ಅವನು ದಾರಿಯಲ್ಲಿ ಎಷ್ಟು ಅಳಿಲುಗಳನ್ನು ನೋಡಿದ ಎಂದು ಯಾರೂ ದಾಖಲಿಸಿಲ್ಲ. ಆ ತುದಿಯಲ್ಲಿ ಲುಸ್ಟ್‌ಹೌಸ್ ಎಂಬ ಹಳೆಯ ವಿಹಾರ ಮಂಟಪ. ಈಗ ಅದೊಂದು ಹೋಟೆಲು. ನೇರ ರಸ್ತೆಯೊಂದು ಕೊನೆಗೆ ಹೋಟೆಲಿಗೆ ಹೋಗಿ ಮುಟ್ಟಬೇಕೆಂಬುದು ನಗರ ಯೋಜನೆಯ ಮೂಲ ಸೂತ್ರವಾಗಬೇಕು.

ಮಧ್ಯಾಹ್ನದ ಬಿಸಿಲಿಗೆ ಕಾಫಿಮನೆಯೇ ಸರಿ. ಒಂದು ಮೆಲಾಂಜ್ ಹೇಳಿದರೆ ಪುಟ್ಟ ತಟ್ಟೆಯಲ್ಲಿ ಕಾಫಿಯ ಜೊತೆ ಒಂದು ಲೋಟ ನೀರು ಬರುತ್ತದೆ. ಕೋಲಿಗೆ ಸಿಕ್ಕಿಸಿದ ಪತ್ರಿಕೆ ಹಿಡಿದು ಗಂಟೆಗಟ್ಟಲೆ ಕುಳಿತರೂ ಯಾರೂ ಏಳಿ ಎನ್ನುವುದಿಲ್ಲ. ಕಾಫಿ ನಮ್ಮ ಫಿಲ್ಟರ್ ಕಾಫಿಯ ಮುಂದೆ ಸಾಧಾರಣ, ಮುಲಾಜಿಲ್ಲದೆ ಹೇಳುತ್ತೇನೆ. ಆದರೆ ನೀರು! 1873ರಿಂದ ಆಲ್ಪ್ಸ್ ಪರ್ವತದ ಊಟೆಗಳಿಂದ ಕೊಳವೆಯಲ್ಲಿ ಹರಿದು ಬರುತ್ತಿರುವ ನೀರು ಅದು, ನಲ್ಲಿ ತಿರುಗಿಸಿದರೆ ತಣ್ಣಗೆ ಸುರಿಯುತ್ತದೆ. ನಾನು ಕಾಫಿಗೆ ಹಣ ಕೊಟ್ಟು ನೀರು ಕುಡಿಯಲು ಹೋಗುತ್ತಿದ್ದೆ.

ಸಸ್ಯಾಹಾರಿಗಳಿಗೆ ಅಲ್ಲಿ ಊಟದ್ದೇ ಕಷ್ಟ ಎಂದು ಹೊರಡುವಾಗ ಹೆದರಿಸಿದವರಿದ್ದರು. ಜುಲೈಯಲ್ಲಿ ಏಪ್ರಿಕಾಟ್ ಹಣ್ಣಿನ ಕಾಲ ಎಂಬುದು ಅವರಿಗೆ ಗೊತ್ತಿದ್ದಿರಲಾರದು. ಬೀಜ ತೆಗೆದು ಆ ಜಾಗದಲ್ಲಿ ಸಕ್ಕರೆ ತುಂಡು ಇಟ್ಟ ಹಣ್ಣನ್ನು ಹಿಟ್ಟಿನಲ್ಲಿ ಮುಚ್ಚಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ನಮ್ಮ ಸಿಹಿ ಕಡುಬಿನ ದಾಯಾದಿಯೇ ಸರಿ. ಸಿಹಿಯನ್ನೇ ಊಟವೆಂದು ತಿನ್ನುವುದು ಅಲ್ಲಿ ತಪ್ಪಲ್ಲ. ವೈದ್ಯರು ಸಾವಿರಾರು ಮೈಲಿ ದೂರದಲ್ಲಿದ್ದರು. ನಾನೂ ತಪ್ಪೆಂದು ತಿಳಿಯಲಿಲ್ಲ.

ಸಂಜೆಯ ಮಾತೇ ಬೇರೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಹೊತ್ತು ಮುಳುಗುವ ಮುನ್ನ ಉಣ್ಣಬೇಕೆಂಬ ನಮ್ಮ ಜೈನ ಸ್ನೇಹಿತರಿಗೆ ಇದಕ್ಕಿಂತ ಧಾರಾಳದ ಊರು ಸಿಗಲಿಕ್ಕಿಲ್ಲ. ಅಂಥ ಒಂದು ಸಂಜೆ 31ನೇ ನಂಬರಿನ ಟ್ರಾಮ್ ಹಿಡಿದು ಕೊನೆಯ ನಿಲ್ದಾಣ ಸ್ಟಾಮರ್ಸ್‌ಡಾರ್ಫ್‌ಗೆ ಹೋದೆವು. ಊರಂಚಿನ ದ್ರಾಕ್ಷಿ ತೋಟಗಳ ನಡುವೆ ಕಾಲೆಳೆದುಕೊಂಡು ಅಲೆದು, ಬಾಗಿಲ ಮೇಲೆ ಹಸಿರು ಕೊಂಬೆಗಳ ಗೊಂಚಲು ತೂಗುಹಾಕಿದ ಮನೆಯನ್ನು ಹುಡುಕಿದೆವು. ಗೊಂಚಲಿದ್ದರೆ ಅಂಗಡಿ ತೆರೆದಿದೆಯೆಂದು ಅರ್ಥ. ಇವೇ ಹೊಯ್ರಿಗರ್‌ಗಳು. ತಮ್ಮ ತೋಟದ ವೈನನ್ನು ತಮ್ಮ ಮನೆಯಂಗಳದಲ್ಲೇ ಮಾರಲು ಬೆಳೆಗಾರರಿಗೆ ಜೋಸೆಫ್ 1784ರಲ್ಲಿ ಅನುಮತಿ ಕೊಟ್ಟ.

ಅದೇ ವರ್ಷ ಅವನು ಇನ್ನೊಂದು ಆಜ್ಞೆ ಹೊರಡಿಸಿದ್ದ. ಹೆಣದ ಜೊತೆ ಮರವನ್ನು ಹೂಳುವುದು ದಂಡವೆಂದು, ತಳದಲ್ಲಿ ಬಾಗಿಲಿರುವ ಶವಪೆಟ್ಟಿಗೆಯನ್ನು ಮತ್ತೆ ಮತ್ತೆ ಬಳಸಬೇಕೆಂದ. ಕೀಲು ಎಳೆದರೆ ಹೆಣ ಗುಂಡಿಗೆ ಬೀಳುತ್ತದೆ, ಪೆಟ್ಟಿಗೆ ಮೇಲೆ ಉಳಿಯುತ್ತದೆ. ಜನ ರೊಚ್ಚಿಗೆದ್ದರು, ಮರುವರ್ಷವೇ ಆಜ್ಞೆ ವಾಪಸಾಯಿತು. ಅವನ ಎಷ್ಟೋ ಸುಧಾರಣೆಗಳದು ಇದೇ ಪಾಡು. ಕಪುಚಿನ್ ಚರ್ಚಿನ ನೆಲಮಾಳಿಗೆಯಲ್ಲಿ ತಂದೆ ತಾಯಿಯ ಭಾರೀ ಅಲಂಕಾರದ ಜೋಡಿ ಶವಪೆಟ್ಟಿಗೆಯ ಮುಂದೆ ಅವನ ಬರಿಯ ತಾಮ್ರದ ಪೆಟ್ಟಿಗೆಯಿದೆ. ಕಟ್ಟಳೆಗಳನ್ನು ಹಿಂತೆಗೆಸಿದ ಜನ ಅಂಗಳದ ವೈನನ್ನು ಮಾತ್ರ ಹಿಂತಿರುಗಿಸಲಿಲ್ಲ.

ನನಗೆ ಅರ್ಧ ವೈನು ಅರ್ಧ ಸೋಡಾ, ಹೆಂಡತಿಗೆ ದ್ರಾಕ್ಷಿರಸ. ಕಪ್ಪು ಬ್ರೆಡ್ಡು, ಆಲೂಗಡ್ಡೆಯ ಸಲಾಡು, ಮೃದುವಾದ ಚೀಸಿಗೆ ಈರುಳ್ಳಿ, ಮೆಣಸಿನ ಪುಡಿ ಕಲಸಿದ ಲಿಪ್ಟೌವರ್. ಬಣ್ಣವೇನೋ ಕೆಂಪು, ಖಾರ ಲವಲೇಶವೂ ಇಲ್ಲ. ಹಿಂದೆಲ್ಲ ಹೊಯ್ರಿಗರ್‌ಗೆ ಬರುವವರು ಮನೆಯಿಂದಲೇ ಬುತ್ತಿ ತರುತ್ತಿದ್ದರಂತೆ. ಈ ವಿಷಯ ಕೇಳಿದ್ದೇ ತಡ, ಹೆಂಡತಿ ಚೀಲದಿಂದ ನಿಂಬೆಕಾಯಿ ಉಪ್ಪಿನಕಾಯಿಯ ಡಬ್ಬಿ ತೆಗೆದಳು. ಪಕ್ಕದ ಮೇಜಿನ ಅಜ್ಜ ಕುತೂಹಲದಿಂದ ಒಂದು ಹೋಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸುಧಾರಿಸಿಕೊಂಡು, ಇನ್ನೊಂದು ಹೋಳಿಗೆ ಕೈಚಾಚಿದರು.

ಗಂಟೆ ಎಂಟೂವರೆ, ಇನ್ನೂ ಬಿಸಿಲು. ಮಗಳ ಫೋನು ಬಂತು. "ಅಪ್ಪಾ, ಅನ್ನ ಸಾರು ಮಾಡಿದ್ದೇನೆ. ಅಲ್ಲೇ ಊಟ ಮುಗಿಸಿಬಿಟ್ಟಿರೋ ಹೇಗೆ?" ನಾನು ಹೆಂಡತಿಯ ಮುಖ ನೋಡಿದೆ. ಅವಳು ಬಾಯಲ್ಲಿದ್ದ ಬ್ರೆಡ್ಡು ನುಂಗಿ, "ಇಲ್ಲವೆಂದು ಹೇಳಿ" ಎಂದಳು.